ಯಾರೂ ಬುದ್ಧಿ ಹೇಳದ ಮೀಟಿಂಗು: ಎಎಗೆ ಹೋಗಿ ಎರಡು ವರ್ಷ ದಾಟಿದ ಮೇಲೆ

ಕುಡಿಯುವವನಿಗೆ ಬುದ್ಧಿ ಹೇಳಲು ನಮ್ಮ ಕಡೆ ಯಾರಿಗೂ ಲೈಸೆನ್ಸ್ ಬೇಕಿಲ್ಲ. ಅತ್ತೆ ಹೇಳುತ್ತಾರೆ, ಷಡ್ಡಕ ಹೇಳುತ್ತಾನೆ, ಕಟಿಂಗ್ ಶಾಪಿನವನು ಕತ್ತರಿ ಹಿಡಿದುಕೊಂಡೇ ಹೇಳುತ್ತಾನೆ. ಹೇಳುವುದೆಲ್ಲಾ ಸರಿಯೇ. ಆದರೆ ಕೇಳಿ ಕೇಳಿ ಇನ್ನೊಂದು ಕ್ವಾರ್ಟರ್ ಬೇಕು ಅನ್ನಿಸುತ್ತಿತ್ತು, ಅಷ್ಟೇ. ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರೇ ಸೇರಿ ತಮ್ಮ ತಮ್ಮ ಕಥೆ ಹೇಳಿಕೊಳ್ಳುವ ಗುಂಪು. ನನಗೆ ಅದು ಹಿಡಿಸಿದ್ದು ಇದೇ ಕಾರಣಕ್ಕೆ. ಅಲ್ಲಿ ಯಾರೂ ಬುದ್ಧಿ ಹೇಳುವುದಿಲ್ಲ. ಒಂದೇ ಒಂದು ವಿಷಯ ಬಿಟ್ಟು. ಅದನ್ನು ಆಮೇಲೆ ಹೇಳುತ್ತೇನೆ.

1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದು, ಕುಡಿತ ಬಿಟ್ಟು ಬದುಕಲು ಅವರು ಹಾಕಿಕೊಟ್ಟ ಹನ್ನೆರಡು ಹೆಜ್ಜೆ, ಇವೆಲ್ಲಾ ನಿಮಗೆ ಗೊತ್ತಿರುತ್ತೆ. ಗೊತ್ತಿಲ್ಲದಿರುವುದು ಜಾಗ ಹುಡುಕುವ ಕಷ್ಟ. ನಾನಿರುವುದು ಮೈಸೂರು. ಇಂಟರ್ನೆಟ್ಟಿನ ಒಂದು ಪಟ್ಟಿಯಲ್ಲಿದ್ದ ವಿಳಾಸಕ್ಕೆ ಹೋದರೆ ಬೀಗ. ಗುಂಪು ಬೇರೆ ಕಡೆ ಹೋಗಿ ಎಷ್ಟೋ ಕಾಲವಾಗಿತ್ತಂತೆ. ಹೊಸ ಜಾಗ ಒಂದು ಶಾಲೆ. ಅಲ್ಲೂ ಬೋರ್ಡಿಲ್ಲ. ಬಂದವರ ಹೆಸರು ಹೊರಗೆ ಹೋಗಬಾರದು ಅನ್ನುವುದೇನೋ ಸರಿ, ಆದರೆ ಜಾಗದ ಗುರುತೂ ಸಿಗಬಾರದಾ? ಗೇಟಿನಲ್ಲಿ ತೊದಲುತ್ತಾ ನಿಂತಿದ್ದೆ. ವಾಚ್‌ಮನ್ನೇ ಕೇಳಿದ, "ಸಂಜೆ ಟೀ ಕುಡಿಯೋಕೆ ಬರ್ತಾರಲ್ಲ, ಆ ಸಾರ್‌ಗಳಾ? ಮೂರನೇ ಕ್ಲಾಸ್ ರೂಮು."

ಮೂರನೇ ಕ್ಲಾಸಿನ ಬೆಂಚು. ಮಂಡಿ ಒಳಗೆ ಹೋಗುವುದಿಲ್ಲ. ಗೋಡೆಯ ಮೇಲೆ ಮಗ್ಗಿ, ಪಕ್ಕದಲ್ಲಿ ಬ್ಯಾಂಕಿನಿಂದ ರಿಟೈರ್ ಆದವರು, ಅವರ ಪಕ್ಕ ಆಟೋ ಓಡಿಸುವವರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಪ್ರಶ್ನೆ ಇಲ್ಲ, ಉತ್ತರ ಇಲ್ಲ. ಮುಂದಿನವರು ತಮ್ಮ ಕಥೆ ಹೇಳುತ್ತಾರೆ. ನನ್ನದು ಎಲೆಕ್ಟ್ರಿಕಲ್ ಅಂಗಡಿ. ಸ್ವಿಚ್‌ಬೋರ್ಡ್ ಡಬ್ಬದಲ್ಲಿ ಪ್ಯಾಕೆಟ್ ಬಚ್ಚಿಡುತ್ತಿದ್ದೆ ಅಂದೆ. ಅದರ ಮೇಲೆ ಯಾರೂ ಏನೂ ಅನ್ನಲಿಲ್ಲ. ಮುಂದಿನವರು ತಾವು ಅಕ್ಕಿ ಡ್ರಮ್ಮಿನಲ್ಲಿ ಇಡುತ್ತಿದ್ದೆ ಅಂದರು, ಅದರ ಮುಂದಿನವರು ದೇವರ ಕೋಣೆಯ ಎಣ್ಣೆ ಡಬ್ಬದ ಹಿಂದೆ ಅಂದರು. ರೂಮಿಗೆ ರೂಮೇ ನಕ್ಕಿತು. ನಾನೂ ನಕ್ಕೆ. ಈ ವಿಷಯಕ್ಕೆ ನಗಬಹುದು ಅಂತಲೇ ನನಗೆ ಗೊತ್ತಿರಲಿಲ್ಲ.

ಫೀಸಿಲ್ಲ. ಕೊನೆಗೆ ಒಂದು ಬಟ್ಟೆ ಚೀಲ ಸುತ್ತು ಬರುತ್ತೆ, ಹತ್ತೋ ಇಪ್ಪತ್ತೋ ಹಾಕಿದರಾಯಿತು, ಹಾಕದಿದ್ದರೂ ನಡೆಯುತ್ತೆ. ಹೊರಗಿನವರ ದುಡ್ಡು ಮುಟ್ಟುವುದಿಲ್ಲ. ಒಬ್ಬ ಹುಡುಗನ ಅಪ್ಪ ಖುಷಿಯಾಗಿ ಕವರ್ ತಂದಿದ್ದರು. ಟೀ ಕೊಟ್ಟು ಕವರನ್ನು ವಾಪಸ್ ಕಳಿಸಿದರು. ನನ್ನಂಥ ಸಣ್ಣ ವ್ಯಾಪಾರದವನಿಗೆ ಇದು ದೊಡ್ಡ ವಿಷಯ.

ಇನ್ನು ಕಿರಿಕಿರಿ. ಯಾರನ್ನೂ ತಡೆಯಬಾರದು ಅನ್ನುವ ನಿಯಮ ಉದ್ದ ಮಾತಿನವರಿಗೂ ಸಿಗುತ್ತೆ, ಅಲ್ವಾ? ಒಬ್ಬ ಹಿರಿಯರು ಅದೇ ಕಥೆ, ಅದೇ ಬಾರು, ಅದೇ ಮೋರಿ. ಸಪ್ಲೈಯರ್ ತಟ್ಟೆಯಲ್ಲಿ ತಂದಿಟ್ಟ ಕಡಲೆಬೀಜವನ್ನೂ ಬಿಡುವುದಿಲ್ಲ. ಮೊದಲ ತಿಂಗಳಲ್ಲಿ ಅವರ ವರ್ಣನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು, ನಿಜ ಹೇಳಬೇಕಂದರೆ. ನನಗೋ ಅಂಗಡಿ ಬಾಗಿಲು ಹಾಕಲು ಓಡಬೇಕು.

ಅದಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ನಾದಿನಿ ಮನೆಯ ಗೃಹಪ್ರವೇಶದ ಹೊತ್ತಿಗೆ. ರಾತ್ರಿ ಮಹಡಿ ಮೇಲೆ ಪಾರ್ಟಿ ಗ್ಯಾರಂಟಿ. ಹೋಗಲಾ ಬೇಡವಾ ಅಂತ ಮೀಟಿಂಗಿನಲ್ಲಿ ಕೇಳಿದೆ. ಒಬ್ಬರೂ ಉತ್ತರ ಕೊಡಲಿಲ್ಲ. ಒಬ್ಬರು ತಮ್ಮ ತಂಗಿ ಮದುವೆ ಕಥೆ ಹೇಳಿದರು, ಇನ್ನೊಬ್ಬರು ಬೀಗರೂಟದ್ದು. ಇವರಿಗೆಲ್ಲಾ ಬಾಯಿ ಬಿದ್ದುಹೋಗಿದೆಯಾ ಅಂದುಕೊಂಡು ಟೀ ಕುಡಿಯದೇ ಎದ್ದು ಬಂದೆ.

ಸ್ಪಾನ್ಸರ್‌ಗೆ ಫೋನ್ ಮಾಡಿದೆ. ಸ್ಪಾನ್ಸರ್ ಅಂದರೆ ನಮಗಿಂತ ಮೊದಲು ಬಿಟ್ಟವರು, ಯಾವ ಹೊತ್ತಿಗೆ ಫೋನ್ ಮಾಡಿದರೂ ಎತ್ತುವವರು. ಅವರೂ ಹೋಗು, ಬೇಡ ಅನ್ನಲಿಲ್ಲ. "ಯಾರ ಗಾಡಿಯಲ್ಲಿ ಹೋಗ್ತೀರಿ? ಎಷ್ಟು ಹೊತ್ತಿಗೆ ಹೊರಡಬಹುದು?" ಅಂದರು. ನನ್ನ ಗಾಡಿಯಲ್ಲಿ ಹೋದೆ, ಊಟ ಮುಗಿದ ತಕ್ಷಣ ಹೊರಟೆ. ಆ ರಾತ್ರಿಯಿಂದ ಆ ಹಿರಿಯರ ಕಡಲೆಬೀಜವನ್ನೂ ಸಹಿಸಿಕೊಳ್ಳುತ್ತಿದ್ದೇನೆ.

ಈಗ ಆ ಒಂದೇ ಬುದ್ಧಿಮಾತು. ಮೊದಲ ದಿನ ನನ್ನ ಕೈ ನಡುಗುವುದನ್ನು ನೋಡಿ ಬ್ಯಾಂಕಿನವರು "ಮೊದಲು ಡಾಕ್ಟರ್ ಹತ್ತಿರ ಹೋಗಿ, ನಾಳೆಯೇ" ಅಂದಿದ್ದರು. ದಿನಾ ಜಾಸ್ತಿ ಕುಡಿಯುವವರು ಏಕ್ದಂ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮೆಯಾಗಬಹುದು, ಪ್ರಾಣಕ್ಕೂ ಅಪಾಯ. ಎಎ ಆಸ್ಪತ್ರೆ ಅಲ್ಲ, ಔಷಧಿ ಕೊಡುವುದಿಲ್ಲ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ಬೇರೆ ಊರಿನವರು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕೇಳಿ. 14446 ವ್ಯಸನಮುಕ್ತಿಯ ಸಹಾಯವಾಣಿ, ದುಡ್ಡು ಬೀಳುವುದಿಲ್ಲ.

ಹಳ್ಳಿ ಕಡೆಯವರಿಗೆ ಎಎ ದೂರವಾದರೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರದ ಬಗ್ಗೆ ವಿಚಾರಿಸಿ. ಶಿಬಿರ ಮುಗಿಸಿದವರು ಆಮೇಲೆ ಸೇರಲು ನವಜೀವನ ಸಮಿತಿಗಳಿವೆ. ಅಲ್ಲಿ ಭಜನೆ, ದೇವರು ಜಾಸ್ತಿ. ನನ್ನ ಭಾವನಿಗೆ ಅದೇ ಒಗ್ಗಿದೆ. ಮನೆಯವರಿಗಾಗಿ ಅಲನಾನ್ ಅಂತ ಬೇರೆ ಗುಂಪಿದೆ. ನನ್ನ ಹೆಂಡತಿ ಹೋಗುತ್ತಾಳೆ. ಅಲ್ಲಿ ಏನು ಮಾತಾಡುತ್ತಾರೆ ಅಂತ ನನಗೆ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಹೊಸದಾಗಿ ಹೋಗುವವರು ಮೊದಲು ಫೋನ್ ಮಾಡಿ, ಗುಂಪು ಈಗಲೂ ಅದೇ ಜಾಗದಲ್ಲಿ ಸೇರುತ್ತಾ ಅಂತ ಕೇಳಿಕೊಂಡು ಹೊರಡಿ. ಉದ್ದ ಕಾಲಿನವರು ಬೇಗ ಹೋಗಿ, ಟೀಚರ್ ಕುರ್ಚಿ ಒಂದೇ ಇರುವುದು.