ಏರ್ ರೈಫಲ್ ಸ್ಕೋಪಿಗೆ ಒಂದೇ ತುಂಡಿನ ಮೌಂಟಾ, ಎರಡು ರಿಂಗಾ?

ಬಳ್ಳಾರಿಯ ತಮ್ಮನೊಬ್ಬ ಕೇಳಿದ್ದ, ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಲು ಯಾವ ಮೌಂಟ್, ಅಂದರೆ ಅದನ್ನು ಗನ್ನಿಗೆ ಹಿಡಿಸುವ ಪಟ್ಟಿ, ತಗೊಳ್ಳಲಿ ಅಂತ. ಮೊದಲು ನಿನ್ನ ಗನ್ ಯಾವುದು ಹೇಳಪ್ಪಾ.

ಸ್ಪ್ರಿಂಗ್ ಗನ್ನಿನ ಪೆಟ್ಟು ಎರಡೂ ಕಡೆಗೆ. ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಗಾಳಿ ಒತ್ತುತ್ತಾ ಮುಂದೆ ಓಡುವಾಗ ಗನ್ ಹಿಂದಕ್ಕೆ ಬರುತ್ತದೆ, ಪಿಸ್ಟನ್ ಗಕ್ಕನೆ ನಿಂತಾಗ ಗನ್ ಮುಂದಕ್ಕೆ ಜಿಗಿಯುತ್ತದೆ, ಈ ಎರಡನೇ ಜರ್ಕಿಗೇ ಸ್ಕೋಪ್ ಮೆಲ್ಲಗೆ ಹಿಂದೆ ಜಾರುವುದು. ನಂದೂ ಜಾರಿತ್ತು. ಗುರಿ ತಪ್ಪುತ್ತಿದ್ದದ್ದಕ್ಕೆ ನಾನು ನೋಡಿದರೆ ಸುಮ್ನೆ ನನ್ನ ಕೈಯನ್ನೇ ಬೈದುಕೊಂಡಿದ್ದೆ! ಇಂಥ ಗನ್ನಿಗೆ ಒಂದೇ ತುಂಡಿನದು ವಾಸಿ. ಗನ್ನಿನ ಮೇಲೆ ಮೌಂಟ್ ಕೂರುವ 11 ಮಿ.ಮೀ. ಅಗಲದ ಪಟ್ಟಿಯನ್ನು, ಅಂದರೆ ರೈಲನ್ನು, ಉದ್ದಕ್ಕೂ ಹಿಡಿಯುತ್ತದೆ, ಮೌಂಟಿನಲ್ಲಿ ಸ್ಟಾಪ್ ಪಿನ್ (ಜಾರದಂತೆ ತಡೆಯುವ ಮೊಳೆ) ಇದ್ದು ರೈಲಿನಲ್ಲಿ ಅದಕ್ಕೆ ತೂತೂ ಇದ್ದರೆ ಜಾರುವ ಭಯ ತುಂಬಾ ಕಡಿಮೆ. ತೂಕ ಜಾಸ್ತಿ, ದುಡ್ಡೂ ಸಾಮಾನ್ಯವಾಗಿ ಜಾಸ್ತಿ.

ಪಿಸಿಪಿ, ಅಂದರೆ ಮೊದಲೇ ಗಾಳಿ ತುಂಬಿಸಿಟ್ಟುಕೊಳ್ಳುವ ಗನ್, ಆದರೆ ಪೆಟ್ಟೇ ಇಲ್ಲದ ಹಾಗೆ, ಎರಡು ರಿಂಗ್ ಸಾಕು. ಹಗುರ, ಅಗ್ಗ. ಪೆಲೆಟ್ (ಏರ್ ಗನ್ನಿನ ಗುಂಡು) ಹಾಕುವ ಜಾಗಕ್ಕೆ ಅಡ್ಡ ಬರದ ಹಾಗೆ ಹಿಂದೆ ಮುಂದೆ ಸರಿಸಬಹುದು. ಆದರೆ ಎರಡೂ ಒಂದೇ ನೇರಕ್ಕೆ ಕೂರದಿದ್ದರೆ ಸ್ಕೋಪಿನ ಕೊಳವೆ ಬಾಗುತ್ತದೆ.

ಎಕೆ-47 ಜಾತಿಯ ಹಳೆ ರೈಫಲ್ಲುಗಳಿಗೂ ಸ್ಕೋಪ್ ಅಲುಗದ ಹಾಗೆ ಕೂರಿಸುವ ತಲೆನೋವು, ಮೇಲಿನ ತಗಡಿನ ಮುಚ್ಚಳ ಅಲುಗಾಡುತ್ತದೆ ಅಂತಲೇ ಎಡಪಕ್ಕದ ರೈಲಿಗೆ ಸ್ಕೋಪ್ ಹಾಕುವುದು. ಅದು ನಮ್ಮಂಥವರಿಗೆ ಸಿಗುವ ಗನ್ನಲ್ಲ ಬಿಡು.

ಯಾವುದೇ ತಗೋ, ಸಂಡೂರು ಕಡೆಯ ಕೆಂಧೂಳು ರೈಲಿನ ಮೇಲೆ ಕೂತಿರುತ್ತದಲ್ವಾ, ಅದನ್ನೂ ಎಣ್ಣೆಯನ್ನೂ ಒರೆಸಿ ಆಮೇಲೆ ಸ್ಕ್ರೂ ಬಿಗಿ ಮಾಡು.