ಹಳೆಯ ಕಾರುಗಳ ಆನ್‌ಲೈನ್ ಹರಾಜು: ಚಿತ್ರಗಳು ಬಲು ಚೆಂದ, ಕಾಗದಪತ್ರ ಕಾಣದು

ಪ್ರೀಮಿಯರ್ ಪದ್ಮಿನಿ, ಅಂಬಾಸಡರ್, ಕಾಂಟೆಸ್ಸಾ, ಜೀಪುಗಳಂಥ ಹಳೆಯ ವಾಹನಗಳನ್ನೇ ಹರಾಜಿಗಿಡುವ ಆನ್‌ಲೈನ್ ತಾಣವೊಂದನ್ನು ಬೆಳಗಾವಿಯಲ್ಲಿ ಕುಳಿತು ಕೆಲವು ತಿಂಗಳು ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತಾಣದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇದೇ ನಮೂನೆಯ ತಾಣಗಳು ಹಲವಿದ್ದು, ಇಲ್ಲಿ ಹೇಳುವ ಕೊರತೆಗಳು ಯಾವುದೋ ಒಂದಕ್ಕೆ ಸೀಮಿತವಾದವಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಕಾರು ಹುಡುಕುವುದಕ್ಕೆ ಈ ಸೇವೆ ಉತ್ತಮವಾಗಿದೆ. ಇದನ್ನಷ್ಟೇ ನಂಬಿ ಹಣ ಕಟ್ಟುವುದಕ್ಕೆ ಯೋಗ್ಯವಾಗಿಲ್ಲ.

ಮೆಚ್ಚಬೇಕಾದದ್ದು ಚಿತ್ರಗಳನ್ನು. ಕಾರಿನ ತಳಭಾಗ, ಬಾಗಿಲಿನ ಕೆಳಅಂಚು, ಡಿಕ್ಕಿಯೊಳಗಿನ ತುಕ್ಕು ಇವೆಲ್ಲವನ್ನೂ ಹತ್ತಿರದಿಂದ ತೋರಿಸುತ್ತಾರೆ, ತಣ್ಣಗಿರುವ ಎಂಜಿನ್ ಚಾಲೂ ಮಾಡುವ ವಿಡಿಯೊವನ್ನೂ ಹಾಕುತ್ತಾರೆ. ಆದರೆ ಅಷ್ಟೆಲ್ಲ ತೋರಿಸುವವರು ನಂಬರ್ ಪ್ಲೇಟನ್ನು ಮಸುಕುಗೊಳಿಸುತ್ತಾರೆ, ಚೆಸ್ಸಿ ನಂಬರನ್ನು ಕೊಡುವುದೇ ಇಲ್ಲ. ಮಾಲೀಕರ ಗೋಪ್ಯತೆಗಾಗಿ ಹೀಗೆ ಮಾಡುತ್ತೇವೆಂದು ಅವರು ಹೇಳುವುದನ್ನು ಒಂದು ಹಂತದವರೆಗೆ ಒಪ್ಪಬಹುದು. ಹರಾಜಿನಲ್ಲಿ ಭಾಗವಹಿಸಲು ಠೇವಣಿ ಕಟ್ಟಿದವರಿಗೂ ಅದನ್ನು ತೋರಿಸುವುದಿಲ್ಲ ಎಂಬುದನ್ನು ಮಾತ್ರ ಒಪ್ಪಲಾಗದು. ನೋಂದಣಿ ಸಂಖ್ಯೆ ಸಿಕ್ಕರೆ ಸರ್ಕಾರದ ವಾಹನ್ ವ್ಯವಸ್ಥೆಯಲ್ಲಿ ನೋಂದಣಿಯ ದಿನಾಂಕ, ಫಿಟ್‌ನೆಸ್ ಅವಧಿ, ವಿಮೆ, ಬ್ಯಾಂಕಿನ ಸಾಲ ಇವುಗಳನ್ನು ಯಾರು ಬೇಕಾದರೂ ಕೆಲವೇ ನಿಮಿಷಗಳಲ್ಲಿ ಪರಿಶೀಲಿಸಬಹುದು. ಆ ದಾರಿಯನ್ನು ಮುಚ್ಚಿ ಸವಾಲು ಕೂಗಲು ಕರೆಯುವುದು ಸರಿಯಾದ ವ್ಯಾಪಾರವಲ್ಲ.

ಪುಸ್ತಕದ ರೂಪದ ಹಳೆಯ ಆರ್‌ಸಿ (ನೋಂದಣಿ ಪತ್ರ) ಇರುವ ಅನೇಕ ವಾಹನಗಳ ಮಾಹಿತಿ ವಾಹನ್‌ನಲ್ಲಿ ದಾಖಲಾಗಿರುವುದಿಲ್ಲ ಎಂಬುದೂ ನಿಜ. ಅದು ತಾನಾಗಿಯೇ ಮೋಸದ ಲಕ್ಷಣವಲ್ಲ. ಆದರೆ ಮೂಲ ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ವಾಹನ್‌ಗೆ ಸೇರಿಸುವ ಕೆಲಸ, ಮಾಡಿಸುವವರೆಗೆ ಅಂಥ ಕಾರಿನ ವರ್ಗಾವಣೆ ಮುಂದೆ ಸಾಗುವುದಿಲ್ಲ, ಹಾಗಾಗಿ ಆ ಕೆಲಸವನ್ನು ಮಾರುವವರೇ ಮುಗಿಸಿಕೊಡಬೇಕೆಂದು ಬರೆಸಿಕೊಳ್ಳುವುದು ಒಳ್ಳೆಯದು.

ವಿವರಣೆಯಲ್ಲಿ ಬರುವ ಇಸವಿಗಳನ್ನು ತಾಣದವರು ಪರೀಕ್ಷಿಸುವಂತೆ ಕಾಣುವುದಿಲ್ಲ. '1968ರ ಪದ್ಮಿನಿ' ಎಂಬ ಶೀರ್ಷಿಕೆಯನ್ನು ಅಲ್ಲಿ ನೋಡಿದ್ದೇನೆ. ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ಆ ಕಾಲಕ್ಕೆ ತಯಾರಾಗುತ್ತಿದ್ದದ್ದು ಫಿಯೆಟ್ 1100. ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. ಅದೇ ರೀತಿ, ಅರವತ್ತರ ದಶಕದ್ದೆಂದು ಹೇಳುವ ಅಂಬಾಸಡರ್‌ನ ಬಾನೆಟ್ ಎತ್ತಿದಾಗ ಇಸುಜು ಎಂಜಿನ್ ಕಂಡರೆ, ಅದು ಬಹಳ ವರ್ಷಗಳ ನಂತರ ಕೂರಿಸಿದ ಎಂಜಿನ್ ಎಂದು ತಿಳಿಯಬೇಕು ಮತ್ತು ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿದೆಯೇ ಎಂದು ಕೇಳಬೇಕು. ಇಂಥ ತಪ್ಪುಗಳು ಅಜ್ಞಾನದಿಂದಲೂ ಆಗಬಹುದು, ಬೆಲೆ ಏರಿಸುವ ಉದ್ದೇಶದಿಂದಲೂ ಆಗಬಹುದು. ಕೊಳ್ಳುವವನಿಗೆ ಎರಡರಿಂದಲೂ ಆಗುವ ನಷ್ಟ ಒಂದೇ.

'ವಿಂಟೇಜ್' ಎಂಬ ಪದವನ್ನಂತೂ ಅಲ್ಲಿ ಧಾರಾಳವಾಗಿ ಬಳಸುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ವಾಹನಗಳಿಗೆ ಮಾತ್ರ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದೆ. ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. 1984ರಲ್ಲಿ ಮಾರುಕಟ್ಟೆಗೆ ಬಂದ ಕಾಂಟೆಸ್ಸಾವನ್ನು ವಿಂಟೇಜ್ ಎಂದು ಮಾರುವವರ ಬಳಿ ಈ ನಿಯಮದ ಬಗ್ಗೆ ಒಂದು ಪ್ರಶ್ನೆ ಕೇಳಿ ನೋಡಿದರೆ ಸಾಕು, ಎದುರಿಗಿರುವವರು ಎಂಥವರೆಂದು ತಿಳಿಯುತ್ತದೆ.

ಈ ತಾಣದ ಮೂಲಕ ನಾನು ಆಸಕ್ತಿ ತೋರಿಸಿದ ಪದ್ಮಿನಿ ಕೊಲ್ಹಾಪುರದಲ್ಲಿತ್ತು. ಹೆದ್ದಾರಿಯಲ್ಲಿ ಹೋಗಿ ಅದೇ ದಿನ ಮರಳಬಹುದಾದ ದೂರವಾದ್ದರಿಂದ ಬೆಳಗಾವಿಯ ಆಟೋನಗರದ ಪರಿಚಯದ ಮಿಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋದೆ. ಹರಾಜಿಗೆ ಮುನ್ನ ಕಾರು ನೋಡಲು ಅವಕಾಶವಿದೆ ಎಂದು ತಾಣ ಹೇಳುತ್ತದೆಯಾದರೂ, ಆ ಅವಕಾಶವನ್ನು ಪಡೆಯಲು ಮೇಲಿಂದ ಮೇಲೆ ಫೋನ್ ಮಾಡಬೇಕಾಯಿತು. ಮಿಸ್ತ್ರಿಯವರು ಬಣ್ಣದ ಹೊಳಪಿನತ್ತ ತಿರುಗಿಯೂ ನೋಡಲಿಲ್ಲ. ಆಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲು ಮತ್ತು ಮಡ್‌ಗಾರ್ಡ್‌ಗಳ ಮೇಲೆ ಆಡಿಸಿ ಲೋಹದ ಪತ್ರಾ (ತಗಡು) ಎಲ್ಲಿದೆ, ಮೆತ್ತಿದ ಪುಟ್ಟಿ ಎಲ್ಲಿದೆ ಎಂದು ಗುರುತಿಸಿದರು. ಆಮೇಲೆ ಎಂಜಿನ್ ನಂಬರಿನ ಮೇಲಿದ್ದ ಜಿಡ್ಡನ್ನು ಒರೆಸಿ ಆರ್‌ಸಿಯ ಜೆರಾಕ್ಸಿನೊಂದಿಗೆ ಹೋಲಿಸಿದರು. ಎರಡೂ ತಾಳೆಯಾಗಲಿಲ್ಲ. ಎಂಜಿನ್‌ನ ದೋಷವಾಗಿದ್ದರೆ ನಮ್ಮೂರಿನ ಉದ್ಯಮಬಾಗದ ಮಷಿನ್ ಶಾಪುಗಳಲ್ಲಿ ಬೋರ್ ಮಾಡಿಸಿ ಸರಿಪಡಿಸಬಹುದಿತ್ತು, ಸಿಗದ ಬಿಡಿಭಾಗವನ್ನೂ ತಿರುವಿಸಿಕೊಳ್ಳಬಹುದಿತ್ತು. ತಾಳೆಯಾಗದ ನಂಬರಿಗೆ ಗ್ಯಾರೇಜಿನಲ್ಲಿ ರಿಪೇರಿಯಿಲ್ಲ. ನಾನು ಹಿಂದೆ ಸರಿದೆ. ಠೇವಣಿ ಮರಳಿ ಬಂತು, ಆದರೆ ಹಲವು ಇಮೇಲ್‌ಗಳ ನಂತರ.

ತಾಣದವರು ಹೇಳಿದ ಇನ್ನೊಂದು ಮಾತನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಕಾಗದ ಪೂರ್ತಿ ಇಲ್ಲದಿದ್ದರೂ ಹರಾಜಿನ ಪ್ರಮಾಣಪತ್ರದ ಮೇಲೆ ಕಾರು ನಿಮ್ಮ ಹೆಸರಿಗೆ ಆಗುತ್ತದೆ ಎಂದು ಫೋನಿನಲ್ಲಿ ಭರವಸೆ ಕೊಟ್ಟರು. ಮೋಟಾರು ವಾಹನ ನಿಯಮಗಳಲ್ಲಿ ಹರಾಜಿನಲ್ಲಿ ಕೊಂಡ ವಾಹನದ ವರ್ಗಾವಣೆಗೆಂದು ಫಾರ್ಮ್ 32 ಇರುವುದು ನಿಜ, ಆದರೆ ಅದು ಕೇಂದ್ರ ಅಥವಾ ರಾಜ್ಯ ಸರ್ಕಾರ ನಡೆಸುವ, ಇಲ್ಲವೇ ಅವುಗಳ ಪರವಾಗಿ ನಡೆಯುವ ಬಹಿರಂಗ ಹರಾಜುಗಳಿಗೆ ಸಂಬಂಧಿಸಿದ್ದು. ಖಾಸಗಿ ತಾಣದ ಹರಾಜು ಕಾನೂನಿನ ದೃಷ್ಟಿಯಲ್ಲಿ ಸಾಮಾನ್ಯ ಮಾರಾಟವೇ ಆಗಿದ್ದು, ನೋಂದಾಯಿತ ಮಾಲೀಕರ ಸಹಿ ಇರುವ, ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30, ಹೊರ ರಾಜ್ಯದ್ದಾದರೆ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಾಲ ತೀರಿದ್ದಕ್ಕೆ ಬ್ಯಾಂಕಿನ ಫಾರ್ಮ್ 35 ಇವು ಬೇಕೇ ಬೇಕು. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರ್ಮ್ 31ರ ಮೂಲಕ ವರ್ಗಾವಣೆಯಾಗಬೇಕು. ಹಳೆಯ ಕಾರುಗಳಲ್ಲಿ ಇದು ತೀರ ಸಾಮಾನ್ಯ, ಮತ್ತು ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದೂ ಇಲ್ಲಿಯೇ.

ಹಣ ಪಾವತಿಯ ವಿಷಯದಲ್ಲಿ ತಾಣ ಸ್ವತಃ ಕಂಪನಿಯ ಖಾತೆಗೇ ಹಣ ಪಡೆಯುತ್ತದೆ, ರಸೀದಿಯನ್ನೂ ಕೊಡುತ್ತದೆ. ಅಪಾಯವಿರುವುದು ತಾಣದ ಹೊರಗೆ. ಬಿಡ್ ಹಾಕಿದ ನಂತರ, ಮೊದಲು ಗೆದ್ದವರು ಹಿಂದೆ ಸರಿದಿದ್ದಾರೆ, ನೇರವಾಗಿ ಕೊಟ್ಟುಬಿಡುತ್ತೇನೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಬಂದರೆ ಅದನ್ನು ಅಲ್ಲಿಗೇ ಬಿಡಬೇಕು. ಸೈನ್ಯದ ಅಧಿಕಾರಿಯೆಂದು ಹೇಳಿಕೊಂಡು, ವರ್ಗವಾಗಿರುವುದರಿಂದ ಕಾರನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುವ ವಂಚನೆ ದೇಶದ ತುಂಬ ನಡೆದಿದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿರುವ, ಕ್ಯಾಂಪ್ ಪ್ರದೇಶದಲ್ಲಿ ಸೈನಿಕರನ್ನು ದಿನವೂ ಕಾಣುವ ನಮ್ಮ ಊರಿನಲ್ಲಿ ಅಂಥ ಮಾತು ಬೇಗ ನಂಬಿಕೆ ಹುಟ್ಟಿಸುತ್ತದೆ. ಐಡಿ ಕಾರ್ಡಿನ ಚಿತ್ರ ಕಳಿಸಿದರೂ ಅದು ಪುರಾವೆಯಲ್ಲ. ಠೇವಣಿ ಮರಳಿಸುವ ನೆಪದಲ್ಲಿ ಕ್ಯುಆರ್ ಕೋಡ್ ಕಳಿಸಿದರೆ, ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ ಎಂಬುದನ್ನು ನೆನಪಿಡಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಅದನ್ನು ತಡೆಹಿಡಿಯುವ ಸಾಧ್ಯತೆ ಕುಗ್ಗುತ್ತದೆ.

ಹರಾಜಿನ ಪಾರದರ್ಶಕತೆಯ ಬಗ್ಗೆ ನನಗೆ ಸಮಾಧಾನವಿಲ್ಲ. ಬಿಡ್ ಹಾಕುವವರ ಗುರುತು ಕಾಣುವುದಿಲ್ಲ, ಮತ್ತು ಮಾರಾಟವಾಗಿದೆ ಎಂದು ತೋರಿಸಿದ ಕಾರುಗಳೇ ಕೆಲವು ವಾರಗಳ ನಂತರ ಮತ್ತೆ ಹರಾಜಿಗೆ ಬಂದದ್ದನ್ನು ಕಂಡಿದ್ದೇನೆ. ಮಾರುವವರ ಕಡೆಯವರೇ ಬೆಲೆ ಏರಿಸಿದರೆ ತಿಳಿಯುವ ಉಪಾಯ ನಮಗಿಲ್ಲ. ಆದ್ದರಿಂದ ಕೊನೆಯ ಬೆಲೆಯನ್ನು ಮೊದಲೇ ನಿಶ್ಚಯಿಸಿಕೊಂಡು ಕೂರಬೇಕು, ಅದರಲ್ಲಿ ತಾಣದ ಕಮಿಷನ್, ಸಾಗಣೆ, ಮಹಾರಾಷ್ಟ್ರ ಅಥವಾ ಗೋವಾದ ಕಾರಾದರೆ ಕರ್ನಾಟಕದ ತೆರಿಗೆ ಇವೆಲ್ಲ ಸೇರಿರಬೇಕು. 20 ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣದ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಲಾಗಿದ್ದು, ತಾಣದ ವೆಚ್ಚದ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ.

ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ. ಠೇವಣಿ ಕಟ್ಟಿದವರಿಗೆ ಆರ್‌ಸಿಯ ಪ್ರತಿ ಮತ್ತು ಚೆಸ್ಸಿ ನಂಬರನ್ನು ಹರಾಜಿಗೆ ಮುನ್ನವೇ ತೋರಿಸಲು ಆರಂಭಿಸಿದರೆ ಇನ್ನೊಂದು ಅಂಕ ಸೇರಿಸಲು ನನ್ನ ಅಡ್ಡಿಯಿಲ್ಲ.