ಎವರ್‌ಗ್ರೀನ್ ಸ್ಟೈರೀನ್ ಹಾಳೆ: ಐದು ಮಳೆಗಾಲ ಕಳೆದ ಮೇಲೆ

ಪುತ್ತೂರಿನ ಮಳೆಗಾಲಕ್ಕೆ ರಟ್ಟಿನ ಮಾಡೆಲ್ ತಡೆಯುವುದಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲುದಾರಿಯಲ್ಲಿ 57 ಸುರಂಗಗಳಿವೆ. ಅದರ ಒಂದು ತುಂಡನ್ನು ಮಾಡೆಲ್ ರೈಲಿನ ಎಚ್‌ಓ ಅಳತೆಯಲ್ಲಿ, ಅಂದರೆ 1:87ರಲ್ಲಿ ಕಟ್ಟಬೇಕೆಂದು ಹೊರಟೆ. ನಮ್ಮ ಘಟ್ಟದ ಕಿಟ್ ಎಲ್ಲೂ ಸಿಗಲಿಲ್ಲ, ಹಾಗಾಗಿ ಎಲ್ಲವೂ ಕೈಯಲ್ಲೇ ಆಗಬೇಕಿತ್ತು. ರಟ್ಟಿನಲ್ಲಿ ಮಾಡಿದ ಮೊದಲ ಸುರಂಗದ ಬಾಯಿ ಆಗಸ್ಟ್ ಹೊತ್ತಿಗೆ ಉಬ್ಬಿ, ಬೂಷ್ಟು ಹಿಡಿಯಿತು. ಆಮೇಲೆ ತರಿಸಿದ್ದು ಎವರ್‌ಗ್ರೀನ್ ಕಂಪನಿಯ ಬಿಳಿ ಸ್ಟೈರೀನ್ ಪ್ಲಾಸ್ಟಿಕ್ ಹಾಳೆ. ಅದರಲ್ಲಿ ಕಟ್ಟಿದ ಮೊದಲ ತಡೆಗೋಡೆ ಇವತ್ತಿಗೂ ನೆಟ್ಟಗಿದೆ. ಪ್ಲಾಸ್ಟಿಕ್ ನೀರು ಹೀರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಕರಾವಳಿಯವರಿಗೆ ನಾನು ಇದನ್ನೇ ಹೇಳುತ್ತೇನೆ.

ಹಾಳೆ 6 ಇಂಚು ಅಗಲ, 12 ಇಂಚು ಉದ್ದ. ಒಂದು ಮಿಲಿಮೀಟರ್ ದಪ್ಪದ್ದು ಪ್ಯಾಕೆಟ್ಟಿಗೆ ಎರಡು, ಅರ್ಧ ಮಿಲಿಮೀಟರಿನದು ಮೂರು. ಪೂರ್ತಿ ಕೊಯ್ಯಬೇಕಿಲ್ಲ. ಕಟರ್‌ನಿಂದ ಎರಡು ಸಲ ಗೀರಿ, ಗೀರು ಬಾಯಿಬಿಡುವ ಹಾಗೆ ಬಾಗಿಸಿದರೆ ಟಕ್ಕೆಂದು ನೇರ ಮುರಿಯುತ್ತದೆ. ಅಂಟಿಗೆ ಟಮಿಯಾದ ಎಕ್ಸ್‌ಟ್ರಾ ಥಿನ್, ಹಸಿರು ಮುಚ್ಚಳದ 40 ಮಿ.ಲೀ. ಸೀಸೆ. ಜೋಡಿನ ಅಂಚಿಗೆ ಬ್ರಷ್ ತಾಗಿಸಿದರೆ ಸಾಕು, ದ್ರವ ತಾನೇ ಸಂದಿಯೊಳಗೆ ಓಡಿ ಎರಡೂ ತುಂಡುಗಳನ್ನು ಕರಗಿಸಿ ಒಂದು ಮಾಡುತ್ತದೆ. ಘಾಟು ಜಾಸ್ತಿ. ಎಂಥ ಮಳೆಯಿದ್ದರೂ ಕಿಟಕಿ ತೆರೆದೇ ಕೂರುತ್ತೇನೆ.

ಈ ಹಾಳೆಯ ನಿಜವಾದ ಸುಖ ಕೆಂಪುಕಲ್ಲಿನ ಗೋಡೆ ಮಾಡುವಾಗ ಗೊತ್ತಾಗುತ್ತದೆ. ಒಂದೂಕಾಲು ಅಡಿಯ ಕಲ್ಲು ಈ ಅಳತೆಗೆ ನಾಲ್ಕೂವರೆ ಮಿಲಿಮೀಟರಿನೊಳಗೆ ಬರುತ್ತದೆ. ಗೆರೆಗಳನ್ನು ಸೂಜಿಯಿಂದ ಕೊರೆದು, ಒಂದೊಂದೇ ಕಲ್ಲಿಗೆ ಎಕ್ಸ್‌ಟ್ರಾ ಥಿನ್ ಸವರಿ, ಮೇಲ್ಮೈ ಮೆತ್ತಗಾದ ಕೂಡಲೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕುಕ್ಕುತ್ತೇನೆ. ಕೆಂಪುಕಲ್ಲಿನ ತೂತುತೂತು ಮೈ ಹಾಗೇ ಎದ್ದು ಬರುತ್ತದೆ. ಸನ್‌ಬೋರ್ಡ್‌ನಲ್ಲೂ ಪ್ರಯತ್ನಿಸಿದೆ. ಕೊರೆದಲ್ಲೆಲ್ಲ ಒಳಗಿನ ನೊರೆಯಂಥ ಭಾಗ ಕಂಡು ಗೋಡೆ ಗೋಡೆಯಂತೆ ಕಾಣಲಿಲ್ಲ.

ಎರಡು ಪಾಠ ಮಾತ್ರ ದುಬಾರಿಯಾಗಿ ಕಲಿತೆ. ಗೋಡೆ ದಪ್ಪವಾಗಲೆಂದು ಎರಡು ಪೂರ್ತಿ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದ್ದೆ. ಮೂರು ವಾರ ಚೆನ್ನಾಗಿತ್ತು, ಆಮೇಲೆ ಒಣಗಿದ ಹಪ್ಪಳದಂತೆ ಸೊಟ್ಟಗಾಯಿತು. ನಡುವೆ ಸಿಕ್ಕಿಬಿದ್ದ ದ್ರವಕ್ಕೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಈಗ ಹಿಂದಿನ ಹಾಳೆಗೆ ಇಂಚಿಗೊಂದು ತೂತು ಕೊರೆದು, ಬೆನ್ನಿಗೆ ಪಟ್ಟಿಗಳನ್ನು ಅಡ್ಡಡ್ಡ ಕೊಟ್ಟೇ ಅಂಟಿಸುತ್ತೇನೆ. ಇನ್ನೊಂದು, ಗುಡ್ಡಕ್ಕೆ ಬಳಸಿದ ಥರ್ಮೋಕೋಲ್. ಅದೂ ಈ ಹಾಳೆಯೂ ಮೂಲದಲ್ಲಿ ಒಂದೇ ಪ್ಲಾಸ್ಟಿಕ್, ಪಾಲಿಸ್ಟೈರೀನ್. ತಡೆಗೋಡೆ ಕೂರಿಸುವಾಗ ಎಕ್ಸ್‌ಟ್ರಾ ಥಿನ್‌ನ ನಾಲ್ಕು ಹನಿ ಬಿದ್ದಲ್ಲಿ ಗುಡ್ಡ ಬೆರಳುದ್ದ ಕರಗಿಹೋಯಿತು. ಗುಡ್ಡಕ್ಕೂ ಗೋಡೆಗೂ ನಡುವೆ ಫೆವಿಕಾಲ್ ಮಾತ್ರ ಹಾಕಿ.

ಹೊರದೇಶದ ಮಾಲು, ಬೆಲೆ ಕೈ ಕಚ್ಚುತ್ತದೆ. ಒಂದು ಆನ್‌ಲೈನ್ ಅಂಗಡಿಯಿಂದ ಬಂದ ಪ್ಯಾಕೆಟ್ ನಡುವಿಗೇ ಮಡಚಿತ್ತು. ಮಡಿಕೆಯ ಜಾಗ ಇನ್ನಷ್ಟು ಬೆಳ್ಳಗಾಗಿ ಬಲ ಕಳೆದುಕೊಂಡಿತ್ತು, ದುಡ್ಡೂ ವಾಪಸ್ ಬರಲಿಲ್ಲ. ಗಟ್ಟಿ ರಟ್ಟಿನ ನಡುವೆ ಇಟ್ಟು ಕಳಿಸಿ ಎಂದು ಮೊದಲೇ ಕೇಳಿಕೊಳ್ಳಿ. ಚೂರುಗಳನ್ನೂ ಬಿಸಾಡಬೇಡಿ, ಬೆರಳಗಲದ ತುಂಡಿನಲ್ಲಿ ಒಂದು ಮೋರಿಯ ಬಾಯಿಯೇ ಆಗುತ್ತದೆ.

ಮುಂದಿನದು ಇದೇ ದಾರಿಯ ಎಡಕುಮೇರಿ ನಿಲ್ದಾಣ. ಅದಕ್ಕೆಂದು ಅರ್ಧ ಮಿಲಿಮೀಟರಿನ ಇನ್ನೆರಡು ಪ್ಯಾಕೆಟ್ ತರಿಸಿಟ್ಟಿದ್ದೇನೆ.